ಇಪ್ಪತ್ತೆಂಟು ಡಿಗ್ರಿ

ಅತ್ತೆ ಆ ಮೊಟ್ಟೆಗಳನ್ನು ಉಳಿಸುವುದಿಲ್ಲ ಎಂಬುದರಲ್ಲಿ ಇಂದ್ರೇಶನಿಗೆ ಅನುಮಾನವೇ ಇರಲಿಲ್ಲ. ಯಾವ ದಿನ, ಹೇಗೆ ಎಂಬುದಷ್ಟೇ ಗೊತ್ತಾಗಬೇಕಿತ್ತು. ಅದಕ್ಕೇ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವರ ಕೋಣೆಯ ಬಾಗಿಲು ಸರಿಸಿ ಎಣಿಸುತ್ತಿದ್ದ. ಆರು. ಇವತ್ತೂ ಆರು.

“ಎಣಿಸಿದ್ದಾತೇನ್ರಿ ಅಳಿಯಂದ್ರ? ಬಾಗಿಲಾ ಹಾಕ್ಕೊಂಡು ಹೋಗ್ರಿ,” ಎಂದರು ರುದ್ರವ್ವ, ಮಗ್ಗುಲು ಕೂಡ ಬದಲಿಸದೆ.

ಧಾರವಾಡದ ರುದ್ರವ್ವ ಮಗಳ ಮನೆಗೆಂದು ಎರಡು ಸಾವಿರದ ಏಳರ ಮೇ ತಿಂಗಳಲ್ಲಿ ಮೆಲ್ಬರ್ನಿಗೆ ಬಂದಿಳಿದಿದ್ದರು. ಕೊರಳಲ್ಲಿ ಲಿಂಗ. ಮೊಟ್ಟೆ ಹಾಕಿದ ಕೇಕು ಇಟ್ಟ ಮೇಜಿನಲ್ಲಿ ನೀರೂ ಕುಡಿಯದ ಹೆಂಗಸು. ಅಳಿಯ ಇಂದ್ರೇಶ ಪರಿಸರ ಹೋರಾಟಗಾರ. ಮೆಲ್ಬರ್ನಿನ ಡ್ಯಾಂಡಿನಾಂಗ್ ಬಡಾವಣೆಯ ಆ ಮನೆಯಲ್ಲಿ ಪ್ಲಾಸ್ಟಿಕ್ ಇಲ್ಲ, ಡ್ರೈಯರ್ ಇಲ್ಲ, ಹೀಟರ್ ಇದ್ದರೂ ಹಚ್ಚುವಂತಿಲ್ಲ. ಕಲ್ಲಿದ್ದಲು ಸುಟ್ಟು ತೆಗೆದ ಕರೆಂಟಿನಲ್ಲಿ ಮೈ ಕಾಯಿಸಿಕೊಳ್ಳುವುದು ಅಪರಾಧ, ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ ಎಂದು ಬಂದ ದಿನವೇ, ಚಳಿಗೆ ಮಂಡಿ ನೋಯುತ್ತದೆ ಎಂದ ಅತ್ತೆಗೆ ಅರ್ಧ ಗಂಟೆ ತಿಳಿಹೇಳಿದ್ದ. ಹುಲಿ, ತಿಮಿಂಗಿಲ, ಹಿಮಕರಡಿ, ಅವನ ಕರುಣೆಗೆ ಗಡಿಯೇ ಇರಲಿಲ್ಲ. ಹೊಸ್ತಿಲು ದಾಟಿ ಮನೆಯೊಳಗೆ ಬರುವಾಗ ಮಾತ್ರ ಅದಕ್ಕೆ ಸ್ವಲ್ಪ ತಡವಾಗುತ್ತಿತ್ತು.

ಅಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳ ಎರಡನೆಯ ವಾರ ಅವನು ಸಂಘದ ಸಭೆಗೆ ಹೋಗಿದ್ದಾಗ, ಲೈಸೆನ್ಸ್ ಪಡೆದು ಸಾಕಿದ್ದ ಉದ್ದ ಕತ್ತಿನ ಆಮೆ ಚೆನ್ನಿ ಮೊಟ್ಟೆಯಿಟ್ಟಿತು. ಕಂಡವಳು ಹೆಂಡತಿ ಮಹಾಶ್ವೇತಾ. ಆಮೆಯ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಮರಿ ಸಾಯುತ್ತದೆ, ಇಟ್ಟಂತೆಯೇ ಇರಬೇಕು. ಗಂಡ ಬರುವಷ್ಟರಲ್ಲಿ ಅವಳು ಆರನ್ನೂ ಒದ್ದೆ ಮರಳಿನ ತಟ್ಟೆಗೆ ಸಾಗಿಸಿ, ಮೇಲ್ಭಾಗ ಯಾವುದೆಂದು ಪೆನ್ಸಿಲಿನಲ್ಲಿ ಗುರುತೂ ಹಾಕಿ ಮುಗಿಸಿದ್ದಳು.

ಬೇಸಿಗೆಯಲ್ಲಿ ಇಡಬೇಕಾದ ಮೊಟ್ಟೆ ಚಳಿಗಾಲದಲ್ಲಿ ಬಂದದ್ದು ಹೇಗೆ? ಇಂದ್ರೇಶ ಎರಡು ನಿಮಿಷ ಯೋಚಿಸಿದ. ಹವಾಮಾನ ಬದಲಾವಣೆ. ಅದರ ಮೇಲೆ ಸಂಘದ ಪತ್ರಿಕೆಗೆ ನಾಲ್ಕು ಪುಟ ಬರೆದ. ಮರಿಗಳನ್ನು ಎಲ್ಲರಿಗೂ ತೋರಿಸುತ್ತೇನೆಂದು ಕೊನೆಯಲ್ಲಿ ಮಾತೂ ಕೊಟ್ಟುಬಿಟ್ಟ.

ಮರಿಯಾಗಲು ಹಗಲೂ ಇರುಳೂ ಇಪ್ಪತ್ತೆಂಟು ಡಿಗ್ರಿ ಶಾಖ ಬೇಕು. ಥರ್ಮೊಕೋಲ್ ಪೆಟ್ಟಿಗೆಯೊಳಗೊಂದು ಬಲ್ಬು ಇಟ್ಟರೆ ಸಾಕು ಎನ್ನುತ್ತಿತ್ತು ಪುಸ್ತಕ. ಥರ್ಮೊಕೋಲ್, ಈ ಮನೆಯೊಳಗೆ? ಸಾಧ್ಯವೇ ಇಲ್ಲ. ಹಾಗಿದ್ದರೆ ಒಂದು ಕೋಣೆಯನ್ನೇ ಕಾಯಿಸಬೇಕಾಗುತ್ತದೆ, ಚಿಕ್ಕದಾದಷ್ಟೂ ಒಳ್ಳೆಯದು ಎಂದಳು ಮಹಾಶ್ವೇತಾ. ಚಿಕ್ಕ ಕೋಣೆ ಅತ್ತೆಯದು.

ರುದ್ರವ್ವ ಮನೆ ಮೇಲೆ ಕೆಳಗೆ ಮಾಡಿದರು. ಊಟ ಬಿಡುತ್ತೇನೆಂದರು. ನಾಳೆಯೇ ಧಾರವಾಡಕ್ಕೆ ಟಿಕೆಟ್ ಬುಕ್ ಮಾಡಿ ಎಂದರು. “ಎಲ್ಲಿ ಬೇಕಲ್ಲೆ ಇಡ್ರಿ. ನಾ ಲಿಂಗಪೂಜಾ ಮಾಡೂ ಖೋಲ್ಯಾಗ ಮಾತ್ರ ತತ್ತಿ ಬ್ಯಾಡ.”

ಮೌಢ್ಯದೆದುರು ಮಣಿಯುವವನೇ ಇಂದ್ರೇಶ? ತಟ್ಟೆಯನ್ನು ತಾನೇ ಹೊತ್ತು ತಂದು ಅವರ ಮಂಚದ ಪಕ್ಕ ಇಟ್ಟ. ಹೀಟರಿನ ಗುಂಡಿಯನ್ನೂ ತಾನೇ ಒತ್ತಿದ. ರುದ್ರವ್ವ ಗೋಡೆಗೆ ಮುಖ ಮಾಡಿ ಮಲಗಿದರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರಲ್ಲ ಎಂದು ಒಂದು ಕ್ಷಣ ಅವನಿಗೆ ಅಯ್ಯೋ ಅನ್ನಿಸಿತು. ಆದರೆ ಚರಿತ್ರೆ ಹೀಗೇ ಮುಂದೆ ಸಾಗುವುದು.

ಅಂದಿನಿಂದ ಕಾವಲು. ಸೋಲಾಪುರ ಚಾದರ ಸುತ್ತಿಕೊಂಡು, ಚಳಿಗೆ ಬಾಯಿಂದ ಹಬೆ ಬಿಡುತ್ತ, ಹಾಲ್‌ನ ಸೋಫಾದಲ್ಲಿ ಕುಳಿತು ಇಂದ್ರೇಶ ಆ ಬಾಗಿಲನ್ನೇ ನೋಡುತ್ತಿದ್ದ. ಒಳಗೆ ರುದ್ರವ್ವ ತೆಳು ನೂಲಿನ ಸೀರೆಯಲ್ಲಿ ಕಾಲು ಚಾಚಿ ವಚನ ಗುನುಗುತ್ತಿದ್ದರು. ಟಾರ್ಚು ಹಿಡಿದು ನೋಡಿದರೆ ಮೊಟ್ಟೆಯೊಳಗೆ ಬೆಳಕು ಹಾಯಲೇ ಇಲ್ಲ. ಚಿಪ್ಪು ದಪ್ಪ, ಆರೋಗ್ಯದ ಲಕ್ಷಣ ಎಂದುಕೊಂಡ. ಆದರೂ ಸಂಶಯ ಬಿಡಲಿಲ್ಲ. ಮುಟ್ಟಿಲ್ಲ ತಾನೇ ಎಂದು ಅತ್ತೆಯನ್ನು ಕೇಳಿಯೇ ಬಿಟ್ಟ.

“ಇವಕ್ಕೇನರ ಆದ್ರ ನಿಮಗಿಂತ ನನಗ ತ್ರಾಸು ಹೆಚ್ಚು, ಅಳಿಯಂದ್ರ,” ಎಂದರು ರುದ್ರವ್ವ.

ಪಾಪಪ್ರಜ್ಞೆ ಮೂಡುತ್ತಿದೆ ಎಂದು ಅವನಿಗೆ ಸಂತೋಷವಾಯಿತು.

ಸೆಪ್ಟೆಂಬರ್ ಬಂತು. ಹೊರಗೆ ಬಿಸಿಲು ಹತ್ತಿತು. ರುದ್ರವ್ವ ಮಂಡಿನೋವಿಲ್ಲದೆ, ಕೆನ್ನೆ ಕೆಂಪಾಗಿ, ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ಕಿರಿಯ ಮಗಳು ಹರ್ಷಿತಾಳ ಮನೆಗೆ ಹೊರಟುಹೋದರು. ಮೊಟ್ಟೆಗಳು ಆರೂ ಹಾಗೇ ಇದ್ದವು. ಬಿರುಕಿಲ್ಲ, ಮಿಸುಕಾಟವಿಲ್ಲ. ಸಂಘದವರು ಮರಿಗಳೆಲ್ಲಿ ಎಂದು ದಿನಕ್ಕೆರಡು ಸಲ ಕೇಳತೊಡಗಿದ್ದರು. ತೊಂಬತ್ತು ದಿನ ದಾಟಿದರೆ ಆಸೆ ಬಿಡಿ ಎಂದಿತ್ತು ಪುಸ್ತಕ. ತೊಂಬತ್ತೊಂದನೆಯ ದಿನ ಇಂದ್ರೇಶ ಮಂಡಿಯೂರಿ, ಉಸಿರು ಬಿಗಿಹಿಡಿದು, ಮೊದಲ ಬಾರಿಗೆ ಒಂದು ಮೊಟ್ಟೆಯನ್ನು ಹೊರಳಿಸಿದ. ತಳದಲ್ಲಿ ಸಣ್ಣ ಉಬ್ಬಕ್ಷರಗಳಿದ್ದವು: ‘ಮೇಡ್ ಇನ್ ಚೈನಾ’.

ಅಡುಗೆಮನೆಯಲ್ಲಿ ಮಹಾಶ್ವೇತಾ ತಂಗಿಯೊಡನೆ ಫೋನಿನಲ್ಲಿದ್ದಳು. “ನಿನ್ನ ಗಂಡನೂ ರಾತ್ರಿ ಥಂಡಿಗೆ ಹೀಟರ್ ಹಚ್ಚಗೊಡೂದಿಲ್ಲೇನು? ಚಿಂತಿ ಮಾಡಬ್ಯಾಡ. ಮೊದಲ ಒಂದು ಆಮಿ ತಂದಿಟ್ಕೊ. ತತ್ತಿ ನಾ ಕೊರಿಯರ್ ಮಾಡ್ತೀನಿ.”