ಫೋಟೋಗೆ ಬೇಡವಾದದ್ದು

"ಆ ಫ್ರಿಜ್ ತೆಗೀಬೇಕಾಗತ್ತೆ," ಎಂದರು ಸಾಲದ ಸಂಸ್ಥೆಯ ಆಫೀಸರ್, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು.

ಟೈಲರಮ್ಮನಿಗೆ ಅರ್ಥವಾಗಲಿಲ್ಲ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಅದು ಬೇರೆಯವರ ಪಾಲು. ಸಾಲಕ್ಕೆ ಮನೆಯ ಫೋಟೋ ಬೇಕೆಂದು ತಿಳಿದದ್ದೇ, ಆಕೆ ಓಣಿಯವರ ಕೈಕಾಲು ಹಿಡಿದು ಪಕ್ಕದ ಮನೆಯ ಫ್ರಿಜ್, ಎದುರು ಮನೆಯ ಸೋಫಾ, ಮಹಡಿಯವರ ಟೀವಿ ಎಲ್ಲ ತಂದು ಜೋಡಿಸಿದ್ದಳು. ಇದ್ದದ್ದು ಒಂದೇ ಕೋಣೆ. ಸೋಫಾ ಬಂದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಆಫೀಸರ್ ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ಒಳಗೆ ಬಂದಿದ್ದರು.

"ಯಾಕೆ ಸರ್? ತೀರಿಸೋ ತಾಕತ್ತಿದೆ ಅಂತ ಗೊತ್ತಾಗೋದು ಬೇಡ್ವಾ? ಏನೂ ಇಲ್ದೋರಿಗೆ ಯಾರು ಸಾಲ ಕೊಡ್ತಾರೆ?"

"ಇವರು ಕೊಡ್ತಾರಮ್ಮ. ದುಡ್ಡು ಹಾಕೋರು ದೂರದ ದೇಶದಲ್ಲಿ ಕೂತು ಫೋಟೋ ನೋಡಿ ಆರಿಸ್ತಾರೆ. ಫ್ರಿಜ್ ಕಂಡ್ರೆ ಮುಂದಿನ ಹುಡುಗಿ ಫೋಟೋಗೆ ಹೋಗ್ಬಿಡ್ತಾರೆ."

ಫ್ರಿಜ್ ಹೋಯಿತು. ಟೀವಿ ಹೋಯಿತು. ಸೋಫಾ ವಾಪಸು ಬಂದದ್ದು ನೋಡಿ ಎದುರು ಮನೆಯಾಕೆ, "ಇಷ್ಟು ಬೇಗ ಸಾಲ ಆಗೇ ಹೋಯ್ತಾ?" ಎಂದು ಖುಷಿಪಟ್ಟಳು. ಫೋಟೋಗೆಂದು ಕಟ್ಟಿಕೊಂಡಿದ್ದ ಚಿಕ್ಕಮ್ಮನ ವಾಚನ್ನು ಮಗಳು ಯಾರೂ ಹೇಳದೆಯೇ ಬಿಚ್ಚಿಟ್ಟಳು.

ಆಫೀಸರ್ ಮತ್ತೆ ಮೊಬೈಲ್ ಎತ್ತಿದರು. "ಆ ಹೊಲಿಗೆ ಮಿಷನ್ನೂ."

"ಅದು ಯಾರ ಮನೆದೂ ಅಲ್ಲ ಸರ್. ನಮ್ದೇ."

"ನಿಮ್ದೇ ಇರ್ಲಿ. ಥಳಥಳ ಅಂತಿದೆ, ಹೊಸದರ ಹಾಗೆ ಕಾಣತ್ತೆ."

"ಹೊಸದಲ್ಲ ಸರ್. ದಿನಾ ಒರೆಸ್ತೀನಿ."

ಆಫೀಸರ್ ಮೊಬೈಲಿನಲ್ಲಿ ಸಮಯ ನೋಡಿದರು. ಅವರು ಇನ್ನೂ ಬೇರೆ ಮನೆಗಳಿಗೆ ಹೋಗಬೇಕಿತ್ತು. ಟೈಲರಮ್ಮನಿಗೆ ನಾಚಿಕೆಯಾಯಿತು, ಓಣಿಯವರ ಮುಂದೆ ಫ್ರಿಜ್ ಹಿಂತಿರುಗಿಸುವಾಗಲೂ ಇಷ್ಟು ಆಗಿರಲಿಲ್ಲ. ಮಗಳ ಮುಖ ನೋಡಿ, ಮಿಷನ್ನಿನ ಒಂದು ಬದಿ ಹಿಡಿದಳು. ಇನ್ನೊಂದು ಬದಿ ಮಗಳು ಹಿಡಿದಳು. ಇಬ್ಬರೂ ಸೇರಿ ಅದನ್ನು ಹೊಸ್ತಿಲು ದಾಟಿಸಿದರು.

ಈಗ ಕೋಣೆಯಲ್ಲಿ ಗೋಡೆ ಇತ್ತು, ಗೋಡೆಗೆ ಒರಗಿ ಮಗಳಿದ್ದಳು.

"ನಗಬೇಡಮ್ಮ."

"ನಗ್ತಾ ಇಲ್ಲ ಸರ್."

ಅಷ್ಟರಲ್ಲಿ ಹೊರಗಿನಿಂದ ಟಕಟಕ ಸದ್ದು ಶುರುವಾಯಿತು. ಸಂಜೆಗೆ ಕೊಡಬೇಕಾದ ಯೂನಿಫಾರ್ಮ್ ಒಂದು ಬಾಕಿಯಿತ್ತು. ಟೈಲರಮ್ಮ ಓಣಿಯಲ್ಲೇ ಕೂತು ಹೊಲಿಯತೊಡಗಿದ್ದಳು. ಮಗಳು ಬಾಗಿಲ ಕಡೆ ತಿರುಗಿದಳು.

"ಸ್ವಲ್ಪ ಹೊತ್ತು ನಿಲ್ಸೋಕೆ ಅಮ್ಮನಿಗೆ ಹೇಳ್ಲಾ ಸರ್?"

"ಬೇಡ, ಹೊಲೀಲಿ ಬಿಡು," ಎಂದರು ಆಫೀಸರ್, ಫೋಟೋ ತೆಗೆಯುತ್ತ. "ಸದ್ದು ಇದ್ರಲ್ಲಿ ಬೀಳಲ್ಲ."