ನೆರಳಿಗೆ ನಿಲ್ಲಿಸಿದ ಕಾರು

ಬಹರೈನಿನ ನಮ್ಮ ಬಡಾವಣೆ ಮಾಹೂಝ್‌ನಲ್ಲಿ ಬಿಸಿಲಿಗೆ ನಿಂತ ಕಾರಿನ ಬಾಗಿಲು ತೆರೆದು, ಕಾದ ಸೀಟಿನ ವಾಸನೆ ಮುಖಕ್ಕೆ ಹೊಡೆದಾಗಲೆಲ್ಲ ನನಗೆ ಐರ್ಲೆಂಡಿನ ಒಂದು ಸರೋವರ ನೆನಪಾಗುತ್ತದೆ.

ನಾನಾಗ ಚಿಕ್ಕವಳು. ಬೇಸಿಗೆ ರಜೆಯಲ್ಲಿ ಅಪ್ಪ ನಮ್ಮನ್ನು ಬಹರೈನಿನಿಂದ ಐರ್ಲೆಂಡಿನ ಹಳ್ಳಿಗಾಡಿನ ಒಂದು ಕೌಂಟಿಗೆ ಕರೆದೊಯ್ದಿದ್ದರು. ಬೆಳಿಗ್ಗೆ ಗುಡ್ಡ ಸುತ್ತಿದ್ದಾಗಿತ್ತು. ಮಧ್ಯಾಹ್ನ ಸರೋವರದ ನಡುಗಡ್ಡೆಯ ಹಳೇ ಕೋಟೆ ನೋಡಲು ಕೊನೆಯ ದೋಣಿ ಹಿಡಿಯಬೇಕಿತ್ತು. ದೋಣಿಕಟ್ಟೆಯ ಎದುರಿಗೇ ಕಾರು ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಅಪ್ಪ ಅದನ್ನು ದಾಟಿ ಮುಂದೆ ಹೋದರು. ಬಹರೈನಿನಲ್ಲಿ ಕಾರು ಓಡಿಸುವವರಿಗೆ ಹತ್ತಿರದ ಜಾಗ ದೊಡ್ಡದಲ್ಲ, ನೆರಳು ದೊಡ್ಡದು. ಚರ್ಚಿನ ಹಿಂದೆ ಒಂದು ಭಾರೀ ಮರ ಸಿಕ್ಕಿದ ಮೇಲೆಯೇ ಅವರಿಗೆ ಸಮಾಧಾನ.

“ಇಷ್ಟು ದೂರ ಯಾಕೆ ಮಾರಾಯ್ರೆ?” ಅಮ್ಮ ಕೇಳಿದರು.

“ನೆರಳುಂಟಲ್ಲ,” ಎಂದರು ಅಪ್ಪ.

ಸೂರ್ಯನ ಸುಳಿವೇ ಇರಲಿಲ್ಲ. ದೋಣಿಕಟ್ಟೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಒದ್ದೆ ಹುಲ್ಲಿನ ಮೇಲೆ ಜಾರುತ್ತಾ, ನಗುತ್ತಾ ಓಡಿದೆವು. ದೋಣಿಯವನು ಆಗಲೇ ಹಗ್ಗ ಬಿಚ್ಚಿದ್ದ. ನಮ್ಮನ್ನು ಕಂಡು ಮತ್ತೆ ಕಟ್ಟಿದ. ಕಾರೆಲ್ಲಿ ಎಂದು ಕೇಳಿದ. ಅಪ್ಪ ದೂರದ ಮರ ತೋರಿಸಿ ಕಾರಣ ಹೇಳಿದರು. ಅವನು ಆಕಾಶ ನೋಡಿದ, ಅಪ್ಪನನ್ನು ನೋಡಿದ, ಬಹಳ ಗೌರವದಿಂದ ತಲೆಯಾಡಿಸಿದ.

ಸಂಜೆ ಚಳಿಗೆ ನಡುಗುತ್ತಾ ಕಾರಿಗೆ ಮರಳಿದೆವು. ಅಪ್ಪ ಕೂತವರೇ, ಮಾಹೂಝ್‌ನಲ್ಲಿ ಮಾಡುವ ಹಾಗೆ, ಎರಡು ಬೆರಳಲ್ಲಿ ಮೆಲ್ಲಗೆ ಸ್ಟೇರಿಂಗ್ ಮುಟ್ಟಿ ನೋಡಿದರು. ಅವರ ಮುಖ ಅರಳಿತು.

“ನೋಡು, ಎಷ್ಟು ತಣ್ಣಗುಂಟು.”

ಅಮ್ಮ ದುಪಟ್ಟಾ ಹಿಂಡುತ್ತಾ, “ಹೌದು. ಇನ್ನು ಹೀಟರ್ ಹಾಕಿ,” ಎಂದರು.