ಇವತ್ತಿನ ಎತ್ತರ

ದೋಸೆ ಹುಯ್ಯುತ್ತಿದ್ದೆ. "ಅಮ್ಮಾ, ಹೊರಡೋಣ!" ಎಂದು ಇಂಚರ ಕಾರಿನಿಂದಲೇ ಕೂಗಿದಳು. ಒಲೆ ಆರಿಸಿ ಓಡಿದೆ.

ಹತ್ತು ವರ್ಷ ತುಂಬಿದವರ ಎತ್ತರ ಪ್ರತಿ ರಾತ್ರಿ ಬದಲಾಗುತ್ತದೆ. ನಾನಿವತ್ತು ಗೇಣುದ್ದ ಕುಳ್ಳಗಾಗಿ ಎದ್ದಿದ್ದೆ. ಎಂದಿನಂತೆ ಕಾರು ಹೊರಡುವ ಮೊದಲೇ ಸೀಟು ಮುಂದೆಳೆದು, ಬ್ರೇಕಿಗೆ ಕಾಲು ಎಟುಕುವಂತೆ ಮಾಡಿಕೊಂಡೆ.

ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು. ನಿನ್ನೆಯಷ್ಟೇ ಹತ್ತು ತುಂಬಿದ ಮಗಳು ಮುದುಡಿ ಕುಳಿತಿದ್ದಳು. ಆದರೂ ನಿನ್ನೆ ಅವಳ ನೆತ್ತಿಯ ಮಟ್ಟಕ್ಕಿದ್ದ ಸೀಟಿನ ತಲೆದಿಂಬು ಇವತ್ತು ಕತ್ತಿನ ಮಟ್ಟಕ್ಕಿತ್ತು.

"ಬಗ್ಗಿ ಕೂತ್ರೆ ಗೊತ್ತಾಗಲ್ವಾ, ಒಂಟೆಮರಿ? ನೆಟ್ಟಗೆ ಕೂತ್ಕೋ. ಹಿಂದಿಂದ ಯಾರಾದ್ರೂ ಗುದ್ದಿದ್ರೆ ಕತ್ತು ಉಳುಕುತ್ತೆ."

ಇಳಿದುಹೋಗಿ, ಗುಂಡಿ ಒತ್ತಿ ದಿಂಬನ್ನು ನೆತ್ತಿಯ ಮಟ್ಟಕ್ಕೆ ಏರಿಸಿದೆ. ಟಕ್ಕೆಂದು ಕೂತಿತು. ಅವಳ ಕಣ್ಣು ತುಂಬಿತ್ತು. ಅವಳಿಗೆ ಬೆಲ್ಟ್ ಹಾಕಿದೆ.

"ಅಮ್ಮಾ, ನಾಳೆ ನಾನು ಗಿಡ್ಡ ಆಗಿ ಎದ್ರೆ, ಸಂಜೆ ಮತ್ತೆ ನಿನ್ನ ತೊಡೆ ಮೇಲೆ ಕೂರಿಸ್ಕೋತೀಯಾ?"